ಅನ್ನ ಬಿಟ್ಟರೆ ತೂಕ ಇಳಿಯುತ್ತದೆಯೇ? ತೂಕ ಏರಿಸಿದ್ದು ಇನ್ಸುಲಿನ್ನೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಗೃಹಿಣಿ. ವಯಸ್ಸು 49, ಎತ್ತರ 155 ಸೆಂ.ಮೀ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 9.2 ಬಂದ ಕಾರಣ ನಾಲ್ಕು ತಿಂಗಳ ಹಿಂದೆ ವೈದ್ಯರು ರಾತ್ರಿ ಹೊತ್ತಿಗೆ ಇನ್ಸುಲಿನ್ ಸೇರಿಸಿದರು. ಅಂದಿನಿಂದ ತೂಕ 71 ಕಿಲೋದಿಂದ 74ಕ್ಕೆ ಏರಿದೆ. ಇನ್ಸುಲಿನ್ನೇ ಕೊಬ್ಬು ಕೂಡಿಸುವುದು, ಅನ್ನ ಬಿಟ್ಟು ತುಪ್ಪ, ಕೊಬ್ಬರಿ ಎಣ್ಣೆ, ಗೋಡಂಬಿ ತಿಂದರೆ ಇನ್ಸುಲಿನ್ನೂ ಬೇಡ, ತೂಕವೂ ಇಳಿಯುತ್ತದೆ ಎಂದು ಬೆಂಗಳೂರಿನಲ್ಲಿರುವ ಮಗ ವೀಡಿಯೊಗಳನ್ನು ಕಳಿಸಿದ್ದಾನೆ. ಮೂರು ವಾರಗಳಿಂದ ಮಧ್ಯಾಹ್ನ, ರಾತ್ರಿ ಅನ್ನ ಬಿಟ್ಟಿದ್ದೇನೆ. ಮೊದಲ ವಾರ ಎರಡು ಕಿಲೋ ಇಳಿಯಿತು, ಆಮೇಲೆ ನಿಂತಿದೆ. ಇನ್ಸುಲಿನ್ ಬಿಡಲೇ? ಕಡುಬು, ಅಕ್ಕಿ ರೊಟ್ಟಿ ಇಲ್ಲದೆ ನಮ್ಮ ಕಡೆ ಬದುಕುವುದು ಹೇಗೆ? ಹಾಗೆಯೇ, ಹೋದ ವಾರ ಒಂದು ರಾತ್ರಿ ಮೈಯೆಲ್ಲ ಬೆವತು ಕೈಕಾಲು ನಡುಗಿ ಎಚ್ಚರವಾಗಿತ್ತು, ಬೆಲ್ಲ ತಿಂದ ಮೇಲೆ ಸರಿಹೋಯಿತು.

ಉತ್ತರ: ಪತ್ರದ ಕೊನೆಯಲ್ಲಿ ನೀವು ಹೇಳಿ ಮುಗಿಸಿರುವ ಬೆವರು, ನಡುಕದ ವಿಷಯವನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳು ಒಂದು ವಾರ ಕಾದರೂ ನಡೆಯುತ್ತದೆ, ಇದು ಕಾಯುವಂಥದ್ದಲ್ಲ. ಆ ರಾತ್ರಿ ನಿಮ್ಮ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿತ್ತು ಎಂದೇ ಲಕ್ಷಣಗಳು ಹೇಳುತ್ತವೆ. ಗ್ಲಿಮೆಪಿರೈಡ್ ಮಾತ್ರೆಯು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಉಂಡಿದ್ದೀರೋ ಇಲ್ಲವೋ ಎಂಬುದನ್ನು ಅದು ನೋಡುವುದಿಲ್ಲ. ಅದರ ಮೇಲೆ ರಾತ್ರಿಯ ಇನ್ಸುಲಿನ್ ಬೇರೆ ಇದೆ. ಈ ಎರಡರ ಪ್ರಮಾಣವನ್ನು ನಿಮ್ಮ ವೈದ್ಯರು ಗೊತ್ತುಮಾಡಿದ್ದು ಎರಡು ಹೊತ್ತು ಅನ್ನ ಉಣ್ಣುವ ನಿಮಗೆ. ಅನ್ನವನ್ನು ತೆಗೆದು ಔಷಧಿಯನ್ನು ಹಾಗೆಯೇ ಉಳಿಸಿಕೊಂಡರೆ ನಡುರಾತ್ರಿ ಸಕ್ಕರೆ ಇಳಿಯುವುದು ಸಹಜ. ಆದ್ದರಿಂದ ನಾಳೆಯೇ ನಿಮ್ಮ ವೈದ್ಯರನ್ನು ಕಂಡು, ಅನ್ನ ಬಿಟ್ಟಿರುವುದನ್ನೂ ಆ ರಾತ್ರಿ ನಡೆದದ್ದನ್ನೂ ತಿಳಿಸಿ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಗ್ಲಿಮೆಪಿರೈಡ್ ಅನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ, ಇನ್ಸುಲಿನ್ ಪ್ರಮಾಣವನ್ನು ಬೆಳಗಿನ ಬರಿಹೊಟ್ಟೆಯ ಸಕ್ಕರೆಯನ್ನು ನೋಡಿಕೊಂಡು ತಗ್ಗಿಸುತ್ತಾರೆ. ಅಲ್ಲಿಯವರೆಗೆ ರಾತ್ರಿ ಎಂದಿನಂತೆ ಸ್ವಲ್ಪ ಅನ್ನ ಉಣ್ಣಿ. ಮತ್ತೆ ನಡುಕ ಬಂದರೆ, ಅಥವಾ ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಸರಿಯಾದ ಮೇಲೆ ಏನಾದರೂ ಊಟ ಮಾಡಿ ಮಲಗಿ. ಗ್ಲಿಮೆಪಿರೈಡ್‌ನ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು. ಮನೆಯಲ್ಲಿ ಇನ್ನೊಬ್ಬರಿಗೂ ಇದು ಗೊತ್ತಿರಲಿ. ಮಳೆಗಾಲದ ರಾತ್ರಿ ಹಳ್ಳಿಯಿಂದ ಆಸ್ಪತ್ರೆಗೆ ಹೊರಡುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮಗನ ಮಾತು. ಅವನು ಪೂರ್ತಿ ತಪ್ಪು ಹೇಳಿಲ್ಲ. ಇನ್ಸುಲಿನ್ ಕೊಬ್ಬನ್ನು ಕೂಡಿಡುವ ಹಾರ್ಮೋನು ಎಂಬುದು ನಿಜ. ಊಟದ ನಂತರ ರಕ್ತಕ್ಕೆ ಬಂದ ಗ್ಲುಕೋಸನ್ನು ಸ್ನಾಯುಗಳು ಎಳೆದುಕೊಳ್ಳುವಂತೆ ಮಾಡುವುದು, ಪಿತ್ತಜನಕಾಂಗ ತಾನಾಗಿ ಸಕ್ಕರೆ ಸುರಿಯುವುದನ್ನು ತಡೆಯುವುದು, ಕೊಬ್ಬಿನ ಕೋಶಗಳಲ್ಲಿ ಇರುವ ಕೊಬ್ಬು ಕರಗಿ ಹೊರಬರದಂತೆ ಹಿಡಿಯುವುದು, ಇವು ಅದರ ದಿನನಿತ್ಯದ ಕೆಲಸಗಳು. ಇನ್ಸುಲಿನ್ ಇಲ್ಲದ ದೇಹ ಹೇಗಿರುತ್ತದೆ ಎಂಬುದನ್ನು ವೈದ್ಯಲೋಕ ಕಣ್ಣಾರೆ ಕಂಡಿದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊತ್ತಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಆಗ 14 ವರ್ಷ, ತೂಕ ಕೇವಲ 29 ಕಿಲೋ. ಆ ಕಾಲದಲ್ಲಿ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆಯೆಂದರೆ ಪಿಷ್ಟವನ್ನು (ಅನ್ನ, ರೊಟ್ಟಿ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಆಹಾರವನ್ನು) ಬಹುತೇಕ ನಿಲ್ಲಿಸಿ ಅರೆಹೊಟ್ಟೆಯಲ್ಲಿ ಇಡುವುದೇ. ಕೊಬ್ಬು ಕರಗುತ್ತಿತ್ತು, ಜೊತೆಗೆ ಸ್ನಾಯುವೂ ಕರಗುತ್ತಿತ್ತು, ಮಗು ಉಳಿಯುತ್ತಿರಲಿಲ್ಲ. ಇನ್ಸುಲಿನ್ ತಗ್ಗಿದರೆ ತೂಕ ಇಳಿಯುತ್ತದೆ ಎಂಬ ಮಾತನ್ನು ಕೇಳಿದಾಗೆಲ್ಲ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಆದರೆ ನಿಮ್ಮ ಮೂರು ಕಿಲೋ ಬಂದದ್ದು ಎಲ್ಲಿಂದ? ಎಚ್‌ಬಿಎ1ಸಿ 9.2 ಎಂದರೆ ಆ ತಿಂಗಳುಗಳಲ್ಲಿ ನಿಮ್ಮ ರಕ್ತದ ಸಕ್ಕರೆಯ ಸರಾಸರಿ 217ರ ಸುಮಾರು ಇತ್ತು. ಸಕ್ಕರೆ 180 ದಾಟಿತೆಂದರೆ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳಲಾರದೆ ಮೂತ್ರದಲ್ಲಿ ಬಿಡತೊಡಗುತ್ತದೆ. ಹಾಗೆ ದಿನಕ್ಕೆ 40 ಗ್ರಾಂ ಸಕ್ಕರೆ ಹೋಗುತ್ತಿತ್ತು ಎಂದಿಟ್ಟುಕೊಂಡರೂ, ನೀವು ಉಂಡದ್ದರಲ್ಲಿ 160 ಕ್ಯಾಲೊರಿ ಮೈಗೆ ಹತ್ತದೆ ಹೊರಗೆ ಹರಿಯುತ್ತಿತ್ತು. ಇನ್ಸುಲಿನ್ ಶುರುವಾದ ಮೇಲೆ ಈ ಸೋರಿಕೆ ನಿಂತಿತು, ಊಟ ಮಾತ್ರ ಹಿಂದಿನಷ್ಟೇ ಉಳಿಯಿತು. ದಿನಕ್ಕೆ 160 ಕ್ಯಾಲೊರಿಯಂತೆ ನಾಲ್ಕು ತಿಂಗಳು ಉಳಿದದ್ದು ಎರಡೂವರೆ ಕಿಲೋ ಕೊಬ್ಬಿಗೆ ಸಮ. ಸಕ್ಕರೆ ಇಳಿದೀತೆಂಬ ಹೆದರಿಕೆಯಿಂದ ನಡುನಡುವೆ ಬಾಳೆಹಣ್ಣು, ಬಿಸ್ಕತ್ತು ತಿನ್ನುವುದು ರೂಢಿಯಾಗಿದ್ದರೆ ಉಳಿದ ಅರ್ಧ ಕಿಲೋಗೆ ಬೇರೆ ಕಾರಣ ಹುಡುಕಬೇಕಿಲ್ಲ. ಬ್ರಿಟನ್‌ನಲ್ಲಿ ರೋಗಿಗಳನ್ನು ಸುಮಾರು ಹತ್ತು ವರ್ಷ ಗಮನಿಸಿ 1998ರಲ್ಲಿ ಪ್ರಕಟವಾದ ದೊಡ್ಡ ಮಧುಮೇಹ ಅಧ್ಯಯನದಲ್ಲಿಯೂ ಇನ್ಸುಲಿನ್ ಪಡೆದವರ ತೂಕ, ಆಹಾರಕ್ರಮದ ಮೇಲೆಯೇ ಹೆಚ್ಚಾಗಿ ನಿಂತವರಿಗಿಂತ 4 ಕಿಲೋ ಹೆಚ್ಚಿತ್ತು. ಆದರೆ ಅದೇ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡಗಳ ತೊಂದರೆ ಕಡಿಮೆಯಾಗಿತ್ತು ಎಂಬುದನ್ನು ವೀಡಿಯೊಗಳು ಹೇಳುವುದಿಲ್ಲ. ಇನ್ಸುಲಿನ್ ಕಣಜದ ಬಾಗಿಲು ಕಾಯುವ ಆಳಿನಂತೆ. ಗದ್ದೆಯಿಂದ ಎಷ್ಟು ಭತ್ತ ಬರಬೇಕೆಂದು ಅವನು ತೀರ್ಮಾನಿಸುವುದಿಲ್ಲ.

ಪಿಷ್ಟ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಕೊಬ್ಬನ್ನು ಕೋಶದೊಳಗೆ ಕೂಡಿಹಾಕುತ್ತದೆ, ಉಳಿದ ದೇಹಕ್ಕೆ ಇಂಧನ ಸಾಲದೆ ಹಸಿವು ಹೆಚ್ಚುತ್ತದೆ, ಹೀಗೆ ದಪ್ಪವಾಗುತ್ತೇವೆ ಎಂಬ ವಾದವನ್ನು ನಮ್ಮ ಕಾಲದಲ್ಲಿ ಬಲವಾಗಿ ಮಂಡಿಸಿದವರು ಅಮೆರಿಕದ ವಿಜ್ಞಾನ ಲೇಖಕ ಗ್ಯಾರಿ ಟಾಬ್ಸ್ ಮತ್ತು ಹಾರ್ವರ್ಡ್‌ನ ವೈದ್ಯ ಡೇವಿಡ್ ಲುಡ್ವಿಗ್. ವಾದ ಕೇಳಲು ಬಹಳ ಒಪ್ಪವಾಗಿದೆ, ಆದ್ದರಿಂದಲೇ ಅದನ್ನು ಪರೀಕ್ಷಿಸಲೂ ಸಾಧ್ಯವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ದಪ್ಪವಿದ್ದ 19 ಜನರನ್ನು ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿಕೊಂಡು, ಊಟದ ಒಂದೊಂದು ತುತ್ತನ್ನೂ ಅಳೆದು ಕೊಟ್ಟು, ಒಮ್ಮೆ ಪಿಷ್ಟದಿಂದಲೂ ಇನ್ನೊಮ್ಮೆ ಕೊಬ್ಬಿನಿಂದಲೂ ಅಷ್ಟೇ ಕ್ಯಾಲೊರಿ ತಗ್ಗಿಸಿ ಆರಾರು ದಿನ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪಿಷ್ಟ ತಗ್ಗಿಸಿದಾಗ ಇನ್ಸುಲಿನ್ ಸ್ರಾವ ಇಳಿಯಿತು, ಕೊಬ್ಬು ತಗ್ಗಿಸಿದಾಗ ಇಳಿಯಲಿಲ್ಲ. ಆದರೆ ಮೈಯಿಂದ ಕರಗಿದ ಕೊಬ್ಬು ಮೊದಲಿನದರಲ್ಲಿ ದಿನಕ್ಕೆ 53 ಗ್ರಾಂ, ಎರಡನೆಯದರಲ್ಲಿ 89 ಗ್ರಾಂ. ಇನ್ಸುಲಿನ್ ಇಳಿಯದಿದ್ದರೂ ಕೊಬ್ಬು ಕರಗಿತು, ಹೆಚ್ಚಾಗಿಯೇ ಕರಗಿತು.

2021ರಲ್ಲಿ ಅವರೇ ಇನ್ನೊಂದು ಪ್ರಯೋಗ ಪ್ರಕಟಿಸಿದರು. 20 ಜನರಿಗೆ ಎರಡು ವಾರ ಪಿಷ್ಟವೇ ಇಲ್ಲವೆನ್ನಬಹುದಾದ, ಮಾಂಸ ಮತ್ತು ಕೊಬ್ಬಿನ ಊಟ. ಎರಡು ವಾರ ಕೊಬ್ಬು ಕಡಿಮೆ ಇದ್ದ, ಪಿಷ್ಟ ಹೆಚ್ಚಿದ್ದ ಸಸ್ಯಮೂಲದ ಊಟ. ಬೇಕಾದಷ್ಟು ಉಣ್ಣಲು ಬಿಟ್ಟಿದ್ದರು. ಪಿಷ್ಟದ ಊಟದಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಏರಿದವು, ಆದರೂ ಅವರು ದಿನಕ್ಕೆ ಸರಾಸರಿ 689 ಕ್ಯಾಲೊರಿ ಕಡಿಮೆ ಉಂಡರು. ಇನ್ಸುಲಿನ್ ಏರಿದರೆ ಹಸಿವು ಹೆಚ್ಚಲೇಬೇಕು ಎಂಬ ಕೊಂಡಿ ಅಲ್ಲಿ ಕಾಣಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಎದುರು ಪಕ್ಷಕ್ಕೂ ಪುರಾವೆ ಇದೆ. ಲುಡ್ವಿಗ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿಕೊಂಡ 164 ಜನರಲ್ಲಿ ಪಿಷ್ಟ ಕಡಿಮೆ ಉಂಡವರ ದೇಹ ಹೆಚ್ಚು ಪಿಷ್ಟ ಉಂಡವರಿಗಿಂತ ದಿನಕ್ಕೆ ಸುಮಾರು 200 ಕ್ಯಾಲೊರಿ ಹೆಚ್ಚು ಖರ್ಚು ಮಾಡಿತ್ತು. ಅಳತೆಯ ವಿಧಾನದ ಬಗ್ಗೆ ಅಂದಿನಿಂದ ಚರ್ಚೆ ನಡೆದೇ ಇದೆ. ಆದರೆ ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ಪಥ್ಯ ಮಾಡಿದವರನ್ನು ನೋಡಿದರೆ ಅಂಥ ದೊಡ್ಡ ಲಾಭ ತಕ್ಕಡಿಯಲ್ಲಿ ಕಾಣುವುದಿಲ್ಲ: ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಹೊರಬಂದ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಪಿಷ್ಟ ತಗ್ಗಿಸಿದವರು 6.0 ಕಿಲೋ, ಕೊಬ್ಬು ತಗ್ಗಿಸಿದವರು 5.3 ಕಿಲೋ ಇಳಿದಿದ್ದರು, ಮೊದಲೇ ಹೆಚ್ಚು ಇನ್ಸುಲಿನ್ ಸ್ರವಿಸುತ್ತಿದ್ದವರಿಗೆ ಪಿಷ್ಟ ಬಿಡುವುದರಿಂದ ವಿಶೇಷ ಲಾಭವೇನೂ ಆಗಲಿಲ್ಲ.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಪಿಷ್ಟ ಕಡಿಮೆ ಮಾಡಿದಾಗ ತೂಕ ಇಳಿಯುವುದು ಒಟ್ಟು ಉಣ್ಣುವುದು ಕಡಿಮೆಯಾದರೆ ಮಾತ್ರ. ಹಲವರಲ್ಲಿ ಅದು ತಾನಾಗಿಯೇ ಕಡಿಮೆಯಾಗುತ್ತದೆ, ಏಕೆಂದರೆ ಅನ್ನ ಹೋದಾಗ ಅದರ ಜೊತೆಗಿನ ಹಪ್ಪಳ, ಸಂಡಿಗೆ, ಪಾಯಸ, ಬಿಸ್ಕತ್ತೂ ಹೋಗುತ್ತವೆ, ಮೊಟ್ಟೆ, ಮೀನು, ಕಾಳು ಹೆಚ್ಚಿ ಹೊಟ್ಟೆ ಬೇಗ ತುಂಬುತ್ತದೆ. ಹಾಗಾಗದವರಲ್ಲಿ ತೂಕ ನಿಂತುಬಿಡುತ್ತದೆ. ನಿಮ್ಮ ವಿಷಯದಲ್ಲಿ ಆದದ್ದು ಎರಡನೆಯದು.

ಮೊದಲ ವಾರದ ಎರಡು ಕಿಲೋ ಬಹುಪಾಲು ನೀರು. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ, ಒಂದೊಂದು ಗ್ರಾಂ ಗ್ಲೈಕೋಜನ್ ಮೂರು ಗ್ರಾಂನಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ನಿಂತಾಗ ದಾಸ್ತಾನು ಖರ್ಚಾಗಿ ನೀರು ಹೊರಡುತ್ತದೆ. ಮತ್ತೆ ಒಂದು ಹೊತ್ತು ಹೊಟ್ಟೆತುಂಬ ಉಂಡರೆ ಅದು ಮರಳಿ ಬರುತ್ತದೆ. ಆಮೇಲಿನ ಎರಡು ವಾರ ತೂಕ ಏಕೆ ನಿಂತಿತೆಂಬುದಕ್ಕೆ ನೀವು ಚೀಟಿಯಲ್ಲಿ ಬರೆದು ಕಳಿಸಿರುವ ಲೆಕ್ಕವೇ ಉತ್ತರ ಹೇಳುತ್ತದೆ. ಎರಡು ಹೊತ್ತಿಗೆ ಬಿಟ್ಟ ಅಕ್ಕಿ 200 ಗ್ರಾಂ, ಅಂದರೆ ಸುಮಾರು 700 ಕ್ಯಾಲೊರಿ. ಅದರ ಜಾಗಕ್ಕೆ ಬಂದದ್ದು ಬೆಳಗಿನ ಕಾಫಿಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ, 240 ಕ್ಯಾಲೊರಿ; ದಿನಕ್ಕೆರಡು ಹಿಡಿ ಗೋಡಂಬಿ, 60 ಗ್ರಾಂ ಎಂದರೆ 350; ಪಲ್ಯದ ಮೇಲೆ ಎರಡು ದೊಡ್ಡ ಚಮಚ ತುಪ್ಪ, ಮತ್ತೆ 250. ಒಟ್ಟು 840. ಬಿಟ್ಟದ್ದಕ್ಕಿಂತ ಸೇರಿಸಿದ್ದು ಹೆಚ್ಚು. ಉಂಡ ಕೊಬ್ಬು ಮೈಯಲ್ಲಿ ಕೂಡಲು ಇನ್ಸುಲಿನ್ ಉಕ್ಕಬೇಕಾಗಿಲ್ಲ, ಬರಿಹೊಟ್ಟೆಯಲ್ಲಿ ಇರುವಷ್ಟು ಇದ್ದರೂ ಸಾಕಾಗುತ್ತದೆ. ಪಿಷ್ಟದ ಒಂದು ಗ್ರಾಂಗೆ 4 ಕ್ಯಾಲೊರಿಯಾದರೆ ಕೊಬ್ಬಿನ ಒಂದು ಗ್ರಾಂಗೆ 9. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ; ತುಪ್ಪ ಎಷ್ಟು ತಿಂದರೂ ಪರವಾಗಿಲ್ಲ ಎಂದು ಹೇಳಿಕೊಟ್ಟವರು ತಪ್ಪು ಹೇಳಿದ್ದಾರೆ.

ಹಾಗಾದರೆ ಅನ್ನ ಕಡಿಮೆ ಮಾಡಿದ್ದು ವ್ಯರ್ಥವೇ? ಖಂಡಿತ ಅಲ್ಲ. ಸಕ್ಕರೆ ಕಾಯಿಲೆಯ ಹತೋಟಿಗೆ ಅದು ನೇರವಾಗಿ ನೆರವಾಗುತ್ತದೆ, ಊಟವಾದ ಎರಡು ಗಂಟೆಯ ಸಕ್ಕರೆ ಏರುವುದು ಪಿಷ್ಟದಿಂದಲೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಪಿಷ್ಟ ಕಡಿಮೆ ಮಾಡಿದ ಮಧುಮೇಹಿಗಳಲ್ಲಿ ಆರು ತಿಂಗಳಿಗೆ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿಳಿದವರು ನೂರಕ್ಕೆ 57, ಉಳಿದ ಆಹಾರಕ್ರಮದವರಲ್ಲಿ 31. ವರ್ಷ ತುಂಬುವ ಹೊತ್ತಿಗೆ ಈ ಅಂತರ ಬಹಳ ಕುಗ್ಗಿತ್ತು, ಬಹುಶಃ ಕಟ್ಟುನಿಟ್ಟು ಹೆಚ್ಚು ದಿನ ನಡೆಯದ ಕಾರಣ. ಇದರ ಪಕ್ಕದಲ್ಲಿಯೇ ಬ್ರಿಟನ್‌ನ ಡೈರೆಕ್ಟ್ ಅಧ್ಯಯನವನ್ನೂ ಇಡಬೇಕು. ಅಲ್ಲಿ ಕೆಲವು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಪುಡಿ ಆಹಾರವನ್ನಷ್ಟೇ ಕೊಟ್ಟರು, ವರ್ಷದ ಕೊನೆಗೆ ನೂರಕ್ಕೆ 46 ಮಂದಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು, 15 ಕಿಲೋ ಮತ್ತು ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86. ಆ ಪುಡಿಯಲ್ಲಿ ಶೇ. 59ರಷ್ಟು ಕ್ಯಾಲೊರಿ ಪಿಷ್ಟದ್ದೇ ಆಗಿತ್ತು. ಪಿಷ್ಟವನ್ನು ಬಿಡದೆಯೂ ಒಟ್ಟು ಆಹಾರ ತಗ್ಗಿ ಪಿತ್ತಜನಕಾಂಗ, ಮೇದೋಜ್ಜೀರಕಗಳ ಕೊಬ್ಬು ಕರಗಿದರೆ ಕಾಯಿಲೆ ಹಿಂದೆ ಸರಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂಥ ಕಟು ಪಥ್ಯವನ್ನು ನೀವು ಸ್ವಂತವಾಗಿ ಮಾಡಬೇಡಿ.

ನಮ್ಮ ದೇಶದ ಮಟ್ಟಿಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ 18,090 ಜನರ ಊಟದ ವಿವರದಿಂದ 2022ರಲ್ಲಿ ಮಾಡಿದ ಲೆಕ್ಕಾಚಾರವನ್ನು ನಾನು ಹೆಚ್ಚು ನಂಬುತ್ತೇನೆ. ಮಧುಮೇಹ ಹಿಂದೆ ಸರಿಯಬೇಕಾದರೆ ಒಟ್ಟು ಕ್ಯಾಲೊರಿಯಲ್ಲಿ ಪಿಷ್ಟ ಶೇ. 49ರಿಂದ 54, ಪ್ರೋಟೀನ್ ಶೇ. 19ರಿಂದ 20, ಕೊಬ್ಬು ಶೇ. 21ರಿಂದ 26 ಇರಲಿ ಎನ್ನುತ್ತದೆ ಅದು. ಅನ್ನವನ್ನು ಕೈಬಿಡಲು ಅದು ಹೇಳುವುದಿಲ್ಲ. ಪ್ರೋಟೀನನ್ನು ಎತ್ತಲು ಹೇಳುತ್ತದೆ, ಮಲೆನಾಡಿನ ತಟ್ಟೆಯಲ್ಲಿ ಕೊರತೆ ಇರುವುದು ಅಲ್ಲಿಯೇ.

ನಿಮಗೆ ದಿನಕ್ಕೆ 1,500 ಕ್ಯಾಲೊರಿ ಎಂದು ಇಟ್ಟುಕೊಳ್ಳೋಣ. ಅದರ ಅರ್ಧ ಪಿಷ್ಟದಿಂದ ಎಂದರೆ 190 ಗ್ರಾಂನ ಹತ್ತಿರ. ಕಾಳು, ತರಕಾರಿ, ಹಾಲು, ಒಂದು ಹಣ್ಣಿನ ಪಾಲು ಕಳೆದರೆ ಅಕ್ಕಿಗೆ ಉಳಿಯುವುದು ದಿನಕ್ಕೆ 130 ಗ್ರಾಂ, ಅಡುಗೆಗೆ ಮುಂಚಿನ ತೂಕದಲ್ಲಿ. ಕಡುಬಿನ ತರಿಯಾಗಲಿ, ರೊಟ್ಟಿಯ ಹಿಟ್ಟಾಗಲಿ, ಗಂಜಿಯಾಗಲಿ, ಎಲ್ಲ ಇದರೊಳಗೇ ಬರಬೇಕು. ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತರಿಯನ್ನು ತೂಗಿ ಕಡುಬು ಕಟ್ಟಿ ನೋಡಿ; 60 ಗ್ರಾಂ ತರಿಗೆ ನಿಮ್ಮ ಕೈಯಳತೆಯಲ್ಲಿ ಎಷ್ಟು ಕಡುಬಾಗುತ್ತದೆ ಎಂಬುದು ಗೊತ್ತಾದರೆ ಆಮೇಲೆ ದಿನವೂ ತೂಗಬೇಕಾಗಿಲ್ಲ. ಬೆಳಿಗ್ಗೆ ಅಷ್ಟು ಕಡುಬು ಅಥವಾ ಅಷ್ಟೇ ಹಿಟ್ಟಿನ ಉಕ್ಕರಿಸಿದ ರೊಟ್ಟಿ, ಜೊತೆಗೆ ಎರಡು ಮೊಟ್ಟೆ. ಮಧ್ಯಾಹ್ನ 40 ಗ್ರಾಂ ಅಕ್ಕಿಯ ಅನ್ನ, ಅದಕ್ಕೆ ಹುರುಳಿ ಕಟ್ಟಿನ ಸಾರು ಎಂದರೆ ಕಟ್ಟು ಬಸಿದು ಕಾಳನ್ನು ದನಕ್ಕೆ ಹಾಕುವ ಪದ್ಧತಿ ಬೇಡ, ಪ್ರೋಟೀನ್ ಹೆಚ್ಚಿನಂಶ ಉಳಿಯುವುದು ಕಾಳಿನಲ್ಲಿಯೇ, ಅದನ್ನು ಉಸಲಿ ಮಾಡಿ ತಿನ್ನಿ. ರಾತ್ರಿ ಇನ್ನುಳಿದ 30 ಗ್ರಾಂ, ಜೊತೆಗೆ ಆಗುಂಬೆ ಘಾಟಿ ಹತ್ತಿ ಬರುವ ಬಂಗುಡೆಯೋ ಭೂತಾಯಿಯೋ 100 ಗ್ರಾಂ, ಹುರಿಯುವ ಬದಲು ಸಾರು ಮಾಡಿ. ಕಳಲೆ, ಕೆಸುವಿನ ಸೊಪ್ಪು, ಎಳೆ ಹಲಸಿನ ಪಲ್ಯ, ಒಂದೆಲಗದ ತಂಬುಳಿ, ಇವನ್ನು ಧಾರಾಳವಾಗಿ ತಿನ್ನಬಹುದು, ಒಗ್ಗರಣೆಯ ಎಣ್ಣೆ ಮತ್ತು ತೆಂಗಿನ ತುರಿ ಮಾತ್ರ ಲೆಕ್ಕದಲ್ಲಿರಲಿ; 100 ಗ್ರಾಂ ಹಸಿ ತುರಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಕೆಸುವಿನ ಗೆಡ್ಡೆ, ಮರಗೆಣಸು ಅನ್ನದ ಲೆಕ್ಕಕ್ಕೇ ಸೇರುತ್ತವೆ. ಹಲಸಿನ ಹಣ್ಣು 100 ಗ್ರಾಂನಲ್ಲಿ 23 ಗ್ರಾಂ ಪಿಷ್ಟವಿದೆ, ನಾಲ್ಕು ತೊಳೆ ತಿಂದ ದಿನ ಬೇರೆ ಹಣ್ಣು ಬೇಡ. ಜೋನಿ ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ.

ಅಜ್ಜ ಮೂರು ಹೊತ್ತು ಅನ್ನ ಉಂಡೂ ತೆಳ್ಳಗೇ ಇದ್ದರಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ಅಜ್ಜ ಗದ್ದೆ ನಾಟಿ ಮಾಡುತ್ತಿದ್ದರು, ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದರು, ಪೇಟೆಗೆ ನಡೆದೇ ಹೋಗುತ್ತಿದ್ದರು, ಎಣ್ಣೆ ಕರಿದದ್ದು ಹಬ್ಬಕ್ಕಷ್ಟೇ ಇತ್ತು. ಅಷ್ಟು ಅನ್ನವನ್ನು ಅಷ್ಟು ದುಡಿಮೆ ಕರಗಿಸುತ್ತಿತ್ತು. ಈಗಲೂ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿ ಓಡಾಡುವವರಿಗೆ ನಾನು ಹೇಳಿದ 130 ಗ್ರಾಂ ಸಾಲದು. ಆದರೆ ಸುಲಿಯಲು ಕುಳಿತವರು, ರಾತ್ರಿ ಹನ್ನೊಂದರವರೆಗೆ ಸಕ್ಕರೆ ಹಾಕಿದ ಚಹಾ ಕುಡಿಯುತ್ತ ಅವಲಕ್ಕಿ ಮೆಲ್ಲುತ್ತ ಕಳೆಯುವವರು, ಆ ಕೆಲಸವನ್ನು ದುಡಿಮೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಊಟವಾದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ನಡೆದರೂ ಊಟದ ನಂತರದ ಸಕ್ಕರೆ ತಗ್ಗುತ್ತದೆ. ಮಳೆಯಿದ್ದರೆ ಜಗಲಿಯಲ್ಲೇ ನಡೆಯಿರಿ.

ನಿಮ್ಮ ಎತ್ತರಕ್ಕೆ 74 ಕಿಲೋ ಎಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30.8. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎಂದೇ ಎಣಿಸುತ್ತೇವೆ, ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಬಾರದು. ಮೊದಲ ಗುರಿ ಆರೇಳು ಕಿಲೋ ಇರಲಿ, ಆರು ತಿಂಗಳಲ್ಲಿ. ಅಷ್ಟು ಇಳಿದರೆ ಇನ್ಸುಲಿನ್ ಅಗತ್ಯ ತಾನಾಗಿ ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿದೆ, ಕೆಲವರಲ್ಲಿ ಪೂರ್ತಿ ನಿಲ್ಲಿಸಲೂ ಬರುತ್ತದೆ. ಆದರೆ ತೂಕ ಇಳಿದು, ಸಕ್ಕರೆ ಇಳಿದು, ಆಮೇಲೆ ಇನ್ಸುಲಿನ್ ಇಳಿಯಬೇಕು. ಈ ಕ್ರಮವನ್ನು ತಿರುಗಿಸಿ ಮೊದಲೇ ಇನ್ಸುಲಿನ್ ಬಿಟ್ಟರೆ ಎಚ್‌ಬಿಎ1ಸಿ ಮತ್ತೆ 9 ದಾಟಿ, ಮೂತ್ರದಲ್ಲಿ ಸಕ್ಕರೆ ಸೋರಿ ತೂಕವೇನೋ ಇಳಿದೀತು. ಆ ಇಳಿತ ಕಾಯಿಲೆಯದ್ದು.

ತೂಕ ಹೆಚ್ಚಿಸದ ಔಷಧಿಗಳು ಈಗ ಹಲವು ಬಂದಿವೆ, ಅವುಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಒಂದು ಎಚ್ಚರಿಕೆ ಮಾತ್ರ ಇರಲಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಕಳಿಸಿ ಕೆಲಸ ಮಾಡುತ್ತವೆ. ಒಳ್ಳೆಯ ಔಷಧಿಗಳೇ, ಆದರೆ ಅವನ್ನು ನುಂಗುತ್ತ ಪಿಷ್ಟವನ್ನು ತೀರ ಬಿಟ್ಟರೆ, ಅದರಲ್ಲೂ ಇನ್ಸುಲಿನ್ನನ್ನೂ ನಿಲ್ಲಿಸಿದರೆ, ರಕ್ತದಲ್ಲಿ ಕೀಟೋನ್ ಆಮ್ಲಗಳು ಏರಿ ಜೀವಕ್ಕೆ ಅಪಾಯವಾಗಬಹುದು. ಗ್ಲುಕೋಮೀಟರ್ ಆಗ 200ರ ಆಸುಪಾಸು ಮಾತ್ರ ತೋರಿಸುವುದರಿಂದ ಮನೆಯವರಿಗೆ ಅನುಮಾನವೂ ಬರುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡ ದುರ್ಬಲವಾದವರು, ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಇರುವ ಮೊದಲನೇ ಮಾದರಿಯ ಮಧುಮೇಹಿಗಳು ಪಿಷ್ಟ ಬಿಡುವ ಪ್ರಯೋಗಕ್ಕೆ ವೈದ್ಯರಿಲ್ಲದೆ ಕೈಹಾಕಬಾರದು.

ವೈದ್ಯರಲ್ಲಿಗೆ ಹೋಗುವಾಗ ಒಂದು ವಾರದ ಊಟದ ಚೀಟಿ, ಗ್ಲುಕೋಮೀಟರಿನ ಬರಿಹೊಟ್ಟೆಯ ಮತ್ತು ಊಟದ ಎರಡು ಗಂಟೆ ನಂತರದ ಅಂಕಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಚೀಟಿ ಬರೆದು ಮುಗಿಯಲಿ ಎಂದು ಭೇಟಿಯನ್ನು ಮಾತ್ರ ಮುಂದೂಡಬೇಡಿ. ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಥೈರಾಯ್ಡ್ ಮತ್ತು ಕೊಲೆಸ್ಟರಾಲ್ ಪರೀಕ್ಷೆಗಳನ್ನು ಈಗಲೇ ಮಾಡಿಸಿ, ಎಚ್‌ಬಿಎ1ಸಿ ಮತ್ತು ಕೊಲೆಸ್ಟರಾಲನ್ನು ಮೂರು ತಿಂಗಳಿಗೆ ಮತ್ತೆ ನೋಡಿಸಿ, ಏಕೆಂದರೆ ತುಪ್ಪ, ಕೊಬ್ಬರಿ ಎಣ್ಣೆ ಹೆಚ್ಚಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುವುದುಂಟು. ಕಾಫಿಗೆ ಹಾಕುತ್ತಿರುವ ಕೊಬ್ಬರಿ ಎಣ್ಣೆಯನ್ನು ಇಂದಿನಿಂದಲೇ ನಿಲ್ಲಿಸಬಹುದು, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.